ಎರಡು ಬೆಳೆ ಹೋಯಿತು, ಮತ್ತೆ ರೇಷ್ಮೆ ಹುಳ ಮೇಯಿಸುವ ಧೈರ್ಯ ಎಲ್ಲಿಂದ ತರಲಿ?

ಹುಳ ಮನೆಯವನು, ಶಿಡ್ಲಘಟ್ಟ ತಾಲ್ಲೂಕು (ಭಾನುವಾರ, ರಾತ್ರಿ 11:20)

ಎಲ್ಲರಿಗೂ ವಂದನೆಗಳು. ನಾನು ಇಲ್ಲಿ ಜಾಸ್ತಿ ಬರೆದವನಲ್ಲ, ಓದುವವನು. ಇವತ್ತು ಬರೆಯದೆ ಇರಲು ಆಗಲಿಲ್ಲ.

ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳ ಮನೆ. ಅಪ್ಪನ ಕಾಲದಿಂದ ಇದೇ ಕೆಲಸ. ಮೊದಲು ಮಿಶ್ರತಳಿ ಎಂಬ ಗಟ್ಟಿ ಜಾತಿಯ ಹುಳ ಸಾಕುತ್ತಿದ್ದೆವು. ದ್ವಿತಳಿ ಎಂಬ ಜಾತಿಯ ಗೂಡಿಗೆ ರೇಟು ಚೆನ್ನಾಗಿ ಸಿಗುತ್ತದೆ ಎಂದು ಈ ಬೇಸಿಗೆಯಲ್ಲಿ ಅದಕ್ಕೆ ಕೈ ಹಾಕಿದೆ. 150 ಮೊಟ್ಟೆಯ ಚಾಕಿ, ಅಂದರೆ 150 ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಬಂದ ಎಳೆ ಹುಳ, ತಂದೆ. ಎಲ್ಲವೂ ಚೆನ್ನಾಗಿತ್ತು. ನಾಲ್ಕನೇ ಜ್ವರ (ಹುಳ ತಿನ್ನದೆ ಕೂತು ಚರ್ಮ ಬಿಡುವ ಹೊತ್ತು) ಎದ್ದು ನಾಲ್ಕು ದಿನ ಆಗಿತ್ತು. ಬೆಳಿಗ್ಗೆ ಐದಕ್ಕೆ ಸೊಪ್ಪು ಹಾಕಲು ಹೋದರೆ ಹುಳಗಳು ಅಂಚಿಗೆ ಬಂದು ಹರಿದಾಡುತ್ತಿದ್ದವು. ಮೈ ಊದಿ ಹೊಳೆಯುತ್ತಿತ್ತು. ಮುಟ್ಟಿದರೆ ಹಾಲಿನಂಥ ನೀರು. ಹಾಲು ತೊಂಡೆ ರೋಗ.

ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಹುಳ ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ಕೂಲಿ, ಸೊಪ್ಪು, ಗೊಬ್ಬರ, ನಿದ್ದೆ ಎಲ್ಲ ಹಾಕಿ ಆದ ಮೇಲೆ ಬೆಳೆ ಹೋಗುತ್ತದೆ. ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು.

ಸಾಲ ತೀರಿಸಬೇಕಲ್ಲ, ಅವಸರವಾಗಿ ಎರಡನೇ ಬೆಳೆ ಇಟ್ಟೆ. ಅದಕ್ಕೂ ಅದೇ ಗತಿ. ಈಗ ಹೆಂಡತಿಯ ಸರ ಗಿರವಿಯಲ್ಲಿದೆ. ಕೈಸಾಲ ಕೊಟ್ಟವರು ದಿನ ಬಿಟ್ಟು ದಿನ ಫೋನ್ ಮಾಡುತ್ತಾರೆ.

ನನ್ನ ನೋವು ದುಡ್ಡಿನದು ಮಾತ್ರ ಅಲ್ಲ. ಎರಡನೇ ಬೆಳೆಗೆ ಮೊದಲು ನಾವಿಬ್ಬರೂ ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದ್ದೆವು. ಹುಳ ಮನೆಯ ಬಾಗಿಲಲ್ಲಿ ನಿಂತು ಪ್ರಾರ್ಥಿಸಿಯೇ ಚಾಕಿ ಒಳಗೆ ತಂದೆವು. ಆ ಬೆಳೆಯೂ ಹೋದ ಮೇಲೆ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಹೇಳಿದರು: "ಎಲ್ಲೋ ನಿನ್ನ ನಂಬಿಕೆಯಲ್ಲಿ ಕೊರತೆ ಇದೆ, ಪರೀಕ್ಷಿಸಿಕೋ." ಅವತ್ತಿನಿಂದ ಮೂರು ಭಾನುವಾರ ಆಯಿತು, ಸಭೆಗೆ ಹೋಗಿಲ್ಲ. ಹೆಂಡತಿ ಮಕ್ಕಳು ಹೋಗುತ್ತಾರೆ. ನಾನು ಖಾಲಿ ಹುಳ ಮನೆಯಲ್ಲಿ ಕೂತಿರುತ್ತೇನೆ. ರಾತ್ರಿ ನಿದ್ದೆ ಇಲ್ಲ. ಕೆಲವು ದಿನ ಬೆಳಗೇ ಆಗದಿದ್ದರೆ ಚೆನ್ನ ಅನ್ನಿಸುತ್ತದೆ.

ಸೋತು ಮತ್ತೆ ಎದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ. ದೇವರು ಶಕ್ತಿ ಕೊಡುತ್ತಾನೆ ಎನ್ನುತ್ತೇವಲ್ಲ, ಆ ಶಕ್ತಿ ಹೇಗೆ ಬರುತ್ತದೆ?

ಮುಳಬಾಗಿಲು ಟೊಮೇಟೊ (ಭಾನುವಾರ, ರಾತ್ರಿ 11:52)

ಅಣ್ಣ, ನಿಮ್ಮ ಗುಂಡಿಯ ಮಾತು ಓದಿ ಹೊಟ್ಟೆ ಕಲಸಿತು. ನಾನೂ ಗುಂಡಿ ತೋಡಿದ್ದೇನೆ, ಟೊಮೇಟೊಗೆ. ಒಂದು ವರ್ಷ ಕೋಲಾರ ಮಂಡಿಯಲ್ಲಿ ಸಿಕ್ಕ ದುಡ್ಡು ಬಾಕ್ಸು ಸಾಗಿಸಿದ ಬಾಡಿಗೆಗೂ ಸಾಲಲಿಲ್ಲ. ಬಿಡಿಸುವ ಕೂಲಿಯೂ ದಂಡ ಎಂದು ಗಿಡದಲ್ಲೇ ಬಿಟ್ಟೆ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಊರೆಲ್ಲ ಅದೇ ಮಾತು. ಆಗ ನನ್ನ ಹೊಲದಲ್ಲಿ ಇದ್ದದ್ದು ಎಲೆ ಮುದುಡು ರೋಗ ಬಂದ ಗಿಡಗಳು. ಬೆಲೆ ಇಲ್ಲದಾಗ ಬೆಳೆ ಇತ್ತು, ಬೆಲೆ ಬಂದಾಗ ಬೆಳೆ ಇರಲಿಲ್ಲ.

ಆ ದಿನಗಳಲ್ಲಿ ನನಗೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಬೈಬಲ್ಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯದ ಕೊನೆ ಮಾತ್ರ ಓದುತ್ತಿದ್ದೆ. ಅವನು ಒಬ್ಬ ರೈತನ ಹಾಗೆ ಒಂದೊಂದಾಗಿ ಎಣಿಸುತ್ತಾನೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಇಲ್ಲ, ಎಣ್ಣೆಮರದ ಫಸಲು ಇಲ್ಲ, ಹೊಲದಲ್ಲಿ ಧಾನ್ಯ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಎಲ್ಲ ಎಣಿಸಿ ಮುಗಿಸಿ, ಆದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ. ಮುಂದಿನ ವರ್ಷ ಬೆಳೆ ಬರುತ್ತದೆ ಎಂದು ಅವನು ಎಲ್ಲೂ ಹೇಳುವುದಿಲ್ಲ. ನನಗೆ ಹಿಡಿಸಿದ್ದು ಅದೇ. ಸುಳ್ಳು ಸಮಾಧಾನ ಇಲ್ಲ.

ಆ "ಆದರೂ" ಎಂಬ ಪದ ಬಾಯಲ್ಲಿ ಬರಲು ನನಗೆ ಎಂಟು ತಿಂಗಳು ಬೇಕಾಯಿತು. ನಿಮಗೂ ಇವತ್ತೇ ಬರಬೇಕಾಗಿಲ್ಲ.

ನೈಟ್ ಡ್ಯೂಟಿ ಸಿಸ್ಟರ್, ಕೋಲಾರ (ಸೋಮವಾರ, ಬೆಳಗಿನ ಜಾವ 3:15)

ಅಣ್ಣ, ನಾನು ನರ್ಸ್. ನಿಮ್ಮ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. "ಬೆಳಗೇ ಆಗದಿದ್ದರೆ ಚೆನ್ನ" ಎಂದಿರಿ. ಇದನ್ನು ಸುಮ್ನೆ ದಾಟಿ ಹೋಗಲು ನನಗೆ ಆಗುವುದಿಲ್ಲ. ಆ ಯೋಚನೆ ಜಾಸ್ತಿ ಆದರೆ, ಅಥವಾ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದರೆ, ಆ ಗಳಿಗೆಯಲ್ಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎನ್ನುತ್ತಾರೆ. ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಹೆಂಡತಿಗೂ ಈ ಮಾತು ತಿಳಿಸಿ. ಒಬ್ಬರೇ ಹುಳ ಮನೆಯಲ್ಲಿ ಕೂರಬೇಡಿ. ಫೋನ್ ಮಾಡಿದರೆ ನಂಬಿಕೆ ಕಡಿಮೆ ಎಂದು ಅರ್ಥ ಅಲ್ಲ. ಕಾಲು ಮುರಿದರೆ ಪಟ್ಟಿ ಕಟ್ಟಿಸಿಕೊಳ್ಳುವುದಿಲ್ಲವಾ, ಹಾಗೇ ಇದು.

ಬೈಬಲ್ಲಿನ ಎಲೀಯನಿಗೂ ಇದೇ ಆಗಿತ್ತು. 1 ಅರಸುಗಳು 19 ತೆಗೆದು ನೋಡಿ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಮನುಷ್ಯ, ಮುಂದಿನ ಅಧ್ಯಾಯದಲ್ಲೇ ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು "ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ" ಎನ್ನುತ್ತಾನೆ. ಎಷ್ಟು ದೊಡ್ಡ ಪ್ರವಾದಿ ಅಲ್ವಾ? ಅವನಿಗೆ ದೇವರು ಏನು ಮಾಡಿದ ನೋಡಿ. "ನಿನ್ನ ನಂಬಿಕೆ ಎಲ್ಲಿ ಹೋಯಿತು" ಎಂದು ಕೇಳಲಿಲ್ಲ. ವಾಕ್ಯ ಹೇಳಲಿಲ್ಲ. ಮೊದಲು ಮಲಗಲು ಬಿಟ್ಟ. ಆಮೇಲೆ ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಬೈಯಲಿಲ್ಲ. ಎರಡನೇ ಸಲ ಎಬ್ಬಿಸಿ, ಇನ್ನೂ ತಿನ್ನು, ನಿನ್ನ ದಾರಿ ಬಹಳ ದೂರ ಇದೆ ಎಂದ. ಆ ಊಟದ ಬಲದಿಂದ ನಲವತ್ತು ದಿನ ನಡೆದ ಎಂದು ಬರೆದಿದೆ.

ವಾರ್ಡಿನಲ್ಲಿ ನಾನು ದಿನವೂ ಇದನ್ನು ನೋಡುತ್ತೇನೆ. ಮೂರು ದಿನ ನಿದ್ದೆ ಇಲ್ಲದವರಿಗೆ ಲೋಕವೇ ಮುಗಿದ ಹಾಗೆ ಕಾಣುತ್ತದೆ. ನಿದ್ದೆ ಆಗಿ, ಎರಡು ತುತ್ತು ಒಳಗೆ ಹೋದ ಮೇಲೆ ಅದೇ ಕಷ್ಟ ಇರುತ್ತದೆ, ಆದರೆ ಅದನ್ನು ನೋಡುವ ಕಣ್ಣು ಬೇರೆ ಆಗಿರುತ್ತದೆ.

ಶಕ್ತಿ ಹೇಗೆ ಬರುತ್ತದೆ ಎಂದು ಕೇಳಿದಿರಿ. ನನಗೆ ತಿಳಿದ ಮಟ್ಟಿಗೆ, ತಟ್ಟೆಯಲ್ಲಿ ಬರುತ್ತದೆ. ಉಪವಾಸ ಸಾಕು ಅಣ್ಣ. ಇವತ್ತು ಹೊಟ್ಟೆ ತುಂಬ ಮುದ್ದೆ ತಿಂದು ಮಲಗಿ. ಬೆಳಿಗ್ಗೆ ಎದ್ದು ಇಲ್ಲಿ ಒಂದು ಮಾತು ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ವಿಶ್ವಾಸವೇ ಬಲ (ಸೋಮವಾರ, ಬೆಳಿಗ್ಗೆ 7:40)

ಸ್ತೋತ್ರ ಬ್ರದರ್. ಎಲ್ಲರೂ ಸಮಾಧಾನ ಹೇಳುತ್ತಿದ್ದಾರೆ, ಒಳ್ಳೆಯದು. ಆದರೆ ಸತ್ಯ ಹೇಳುವವರೂ ಬೇಕು. ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಬೆಟ್ಟ ಕದಲುತ್ತದೆ ಎಂದು ಯೇಸುವೇ ಹೇಳಿದ್ದಾನೆ. ಕದಲಲಿಲ್ಲ ಎಂದರೆ ನಾವು ನಮ್ಮನ್ನು ನೋಡಿಕೊಳ್ಳಬೇಕು. ದಶಮಾಂಶ, ಆದಾಯದ ಹತ್ತನೇ ಒಂದು ಪಾಲು, ಸಭೆಗೆ ಸರಿಯಾಗಿ ಕೊಡುತ್ತಿದ್ದೀರಾ? ಸಾಲ ಇದ್ದರೂ ಒಂದು ಕಾಣಿಕೆಯನ್ನು ವಿಶ್ವಾಸದಿಂದ ಬಿತ್ತಿ ನೋಡಿ. ಮೂರನೇ ಬೆಳೆ ನೂರರಷ್ಟು ಬರುತ್ತದೆ. ನಾನು ಪ್ರಾರ್ಥಿಸುತ್ತೇನೆ.

ಭಾನುವಾರ ಶಾಲೆ ಟೀಚರ್, ತುಮಕೂರು (ಸೋಮವಾರ, ಬೆಳಿಗ್ಗೆ 9:05)

ಬ್ರದರ್, ನೀವು ಪ್ರೀತಿಯಿಂದಲೇ ಬರೆದಿದ್ದೀರಿ ಎಂದು ನಂಬುತ್ತೇನೆ. ಆದರೆ ಹೆಂಡತಿಯ ಸರ ಗಿರವಿ ಇಟ್ಟವನಿಗೆ ಇನ್ನೂ ಕಾಣಿಕೆ ಕೊಡು ಎನ್ನುವುದು ಸರಿಯಲ್ಲ. ಅದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಸಾಸಿವೆ ಕಾಳಿನ ಮಾತನ್ನು ಯೇಸು ಹೇಳಿದ್ದು ಸ್ವಲ್ಪ ನಂಬಿಕೆ ಇದ್ದವರನ್ನು ಹತ್ತಿರ ಕರೆಯಲು. ಅದನ್ನೇ ತಕ್ಕಡಿ ಮಾಡಿಕೊಂಡು ಬಿದ್ದವನ ನಂಬಿಕೆ ತೂಗಬಾರದು.

ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ನೆನಪಿಸಿಕೊಳ್ಳಿ. ಅವರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು "ನಿನ್ನಲ್ಲೇ ಪಾಪ ಇರಬೇಕು" ಎಂದು ಶುರು ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಅತ್ತು, ಕೂಗಿ, ದೇವರ ಜೊತೆ ವಾದ ಮಾಡಿದ ಯೋಬನೇ ಸರಿಯಾಗಿ ಮಾತಾಡಿದ ಎಂದು ದೇವರೇ ಹೇಳಿದ.

ಶಿಡ್ಲಘಟ್ಟದ ಅಣ್ಣನಿಗೆ ಒಂದು ಮಾತು. ನಿಮ್ಮ ಪ್ರಾರ್ಥನೆ ಕತ್ತಲೆಯಲ್ಲೇ ಮುಗಿಯುತ್ತಿದ್ದರೆ ಹೆದರಬೇಡಿ. 88ನೇ ಕೀರ್ತನೆಯೂ ಹಾಗೇ ಮುಗಿಯುತ್ತದೆ, ಕತ್ತಲೆಯ ಮಾತಿನಲ್ಲಿ. ಅದನ್ನೂ ಬೈಬಲ್ಲಿನಲ್ಲಿ ಇಟ್ಟಿದ್ದಾರೆ, ತೆಗೆದು ಹಾಕಿಲ್ಲ.

ಇನ್ನೊಂದು ಸಂಗತಿ ನಮ್ಮ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ನಿಮ್ಮ ಮನೆಯ ಕನ್ನಡ ಬೈಬಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಓದಿ. 1812ರ ಮಾರ್ಚ್ 11ರಂದು ಬಂಗಾಳದ ಸೆರಾಂಪುರದಲ್ಲಿ ಮಿಷನರಿ ವಿಲಿಯಂ ಕೇರಿಯವರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಹತ್ತಾರು ಭಾಷೆಗಳ ಅಚ್ಚಿನ ಮೊಳೆ, ಕಾಗದ, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿ ಎಲ್ಲ ಸುಟ್ಟುಹೋಯಿತು. ಆ ಬೂದಿಯಲ್ಲಿ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು. ನಮ್ಮ ಭಾಷೆಯ ಮಾತುಗಳು, ಅಣ್ಣ. ಕೇರಿ ಆಗ ಕಲ್ಕತ್ತೆಯಲ್ಲಿದ್ದರು. ಬಂದು ನೋಡಿ ಕಣ್ಣೀರು ಹಾಕಿದರು. ಆಮೇಲೆ ಕರಗಿಹೋದ ಸೀಸವನ್ನು ಬೂದಿಯಿಂದ ಆರಿಸಿ ತೆಗೆದು, ಅದರಲ್ಲೇ ಹೊಸ ಮೊಳೆ ಎರಕ ಹೊಯ್ದರು. ಮೊದಲಿನಿಂದ ಬರೆಯಲು ಕೂತರು.

ಅದೇ ಹೊತ್ತಿಗೆ ನಮ್ಮ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಕನ್ನಡ ಕಲಿತು ತಮ್ಮ ಅನುವಾದ ಮಾಡುತ್ತಿದ್ದರು. 1810ರಲ್ಲಿ ಬಂದವರು. ಇಡೀ ಬೈಬಲ್ ಕನ್ನಡದಲ್ಲಿ ಆಗುವಾಗ 1831. ಇಪ್ಪತ್ತೊಂದು ವರ್ಷ! ನೀವು ರಾತ್ರಿ ತೆಗೆದು ಓದುವ ಪುಸ್ತಕದ ಹಿಂದೆ ಒಂದು ಬೂದಿ ಗುಡ್ಡೆಯೂ ಇದೆ, ಇಪ್ಪತ್ತು ವರ್ಷದ ಹಟವೂ ಇದೆ.

ಹುಳ ಮನೆಯವನು, ಶಿಡ್ಲಘಟ್ಟ ತಾಲ್ಲೂಕು (ಸೋಮವಾರ, ಬೆಳಿಗ್ಗೆ 10:30)

ನೈಟ್ ಡ್ಯೂಟಿ ಸಿಸ್ಟರ್, ಎದ್ದಿದ್ದೇನೆ. ನೀವು ಬರೆದದ್ದನ್ನು ಹೆಂಡತಿಗೆ ತೋರಿಸಿದೆ. ಆ ಕೊನೆಯ ಸಾಲು ಅವಳಿಗೆ ನಾನು ಹೇಳಿರಲಿಲ್ಲ. ಓದಿ ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ ಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿ, ಎದುರು ಕೂತು ತಿನ್ನಿಸಿದಳು. ಎಷ್ಟೋ ದಿನದ ಮೇಲೆ ನಾಲ್ಕು ಗಂಟೆ ನಿದ್ದೆ ಬಂತು. ಫೋನ್ ನಂಬರನ್ನು ಅವಳೂ ಬರೆದಿಟ್ಟುಕೊಂಡಿದ್ದಾಳೆ.

ಅವಳೇ ಇನ್ನೊಂದು ವಿಷಯ ಹೇಳಿದಳು, ನನಗೆ ಹೊಳೆದಿರಲಿಲ್ಲ. ಯೇಸುವಿನ ಶಿಷ್ಯ ಪೇತ್ರ ಅವನನ್ನು ಅರಿಯೆ ಎಂದು ಮೂರು ಸಲ ಹೇಳಿದ್ದು ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಾಗ. ಯೋಹಾನ 18ರಲ್ಲಿ ಇದೆ. 21ನೇ ಅಧ್ಯಾಯದಲ್ಲಿ ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದೆ, ಬೆಳಿಗ್ಗೆ ಯೇಸು ಹೇಳಿದ ಕಡೆ ಬಲೆ ಹಾಕಿ ಮೀನು ಹಿಡಿದು ದಡಕ್ಕೆ ಬರುವಾಗ, ಯೇಸು ಅಲ್ಲಿ ಮತ್ತೆ ಇದ್ದಲ ಬೆಂಕಿ ಹಾಕಿಕೊಂಡು ಮೀನು ಸುಡುತ್ತಿದ್ದಾನೆ. ಬನ್ನಿ, ಊಟ ಮಾಡಿ ಎನ್ನುತ್ತಾನೆ. ಊಟ ಆದ ಮೇಲೆಯೇ ಪೇತ್ರನ ಹತ್ತಿರ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳುತ್ತಾನೆ. "ನೀನು ಬಿದ್ದ ಜಾಗದಲ್ಲೇ ಒಲೆ ಹಚ್ಚುತ್ತಾನೆ" ಎಂದಳು. ನನಗೆ ಅಳು ಬಂತು. ಅಳು ಬಂದದ್ದೇ ಒಂಥರಾ ಹಗುರ ಆಯಿತು.

ಸಾಲ ಹಾಗೇ ಇದೆ. ಮೂರನೇ ಬೆಳೆ ಇಡುವ ಧೈರ್ಯ ಇನ್ನೂ ಇಲ್ಲ.

ಚಿಂತಾಮಣಿ ರೇಷ್ಮೆ (ಸೋಮವಾರ, ಮಧ್ಯಾಹ್ನ 2:10)

ನಾನು ಕ್ರೈಸ್ತನಲ್ಲ. ಸ್ನೇಹಿತರೊಬ್ಬರು ಈ ಚರ್ಚೆ ಕಳಿಸಿದರು. ಹುಳದ ವಿಷಯ ನೋಡಿ ಬಂದೆ. ಅಣ್ಣ, ಕೋಪ ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ಮೊದಲ ಬೆಳೆ ಹೋದ ಮೇಲೆ ಎಷ್ಟು ದಿನ ಮನೆ ಖಾಲಿ ಬಿಟ್ಟಿರಿ? ಸೋಂಕು ನಿವಾರಣೆ ಹೇಗೆ ಮಾಡಿದಿರಿ?

ಹಾಲು ತೊಂಡೆ ವೈರಸ್ಸಿನಿಂದ ಬರುವುದು. ಸತ್ತ ಹುಳ ಒಡೆದು ಸುರಿದ ಆ ಹಾಲಿನಲ್ಲೇ ಕೋಟಿಗಟ್ಟಲೆ ಇರುತ್ತದೆ. ರ್‍ಯಾಕು, ಬಲೆ, ಚಂದ್ರಿಕೆ (ಹುಳ ಗೂಡು ಕಟ್ಟುವ ತಟ್ಟೆ), ಗೋಡೆ, ನೆಲ, ಬಾಗಿಲ ಹೊರಗಿನ ಜಾಗ ಎಲ್ಲ ಕಡೆ ಕೂತುಬಿಡುತ್ತದೆ. ಮೇಲೆ ಮೇಲೆ ನೀರು ಹಾಕಿ ತೊಳೆದರೆ ಹೋಗುವುದಿಲ್ಲ. ಶೇ 2ರ ಬ್ಲೀಚಿಂಗ್ ಪೌಡರ್ ದ್ರಾವಣಕ್ಕೆ ಶೇ 0.3ರಷ್ಟು ಅರಳಿದ ಸುಣ್ಣ ಸೇರಿಸಿ, ಮನೆ ಪೂರ್ತಿ ನೆನೆಯುವ ಹಾಗೆ ಹೊಡೆಯಬೇಕು, ಸಾಮಾನು ಸಮೇತ. ದ್ವಿತಳಿ ಬಹಳ ಸೂಕ್ಷ್ಮ. ಕೊನೆಯ ಹಂತದಲ್ಲಿ 24, 25 ಡಿಗ್ರಿ ಇದ್ದರೆ ಚೆನ್ನ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಶೀಟಿನ ಮನೆ ಒಳಗೆ ಎಷ್ಟಿರುತ್ತದೆ, ನಿಮಗೇ ಗೊತ್ತು. ಮೇಲೆ ತೆಂಗಿನ ಗರಿ ಹಾಕಿ ನೀರು ಚಿಮುಕಿಸಿ, ಗೋಣಿ ಪರದೆ ಒದ್ದೆ ಮಾಡಿ ಕಟ್ಟಿ. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ಹೋಗಿ ಒಬ್ಬರನ್ನು ಮನೆಗೆ ಕರೆದು ತೋರಿಸಿ. ಮುಂದಿನ ಸಲ 150 ಬೇಡ, 50 ಮೊಟ್ಟೆ ಸಾಕು. ಮಿಶ್ರತಳಿ ಇಡಿ.

ನೀವೆಲ್ಲ ಸೋತು ಗೆದ್ದವರ ಮಾತು ಆಡುತ್ತಿದ್ದೀರಿ, ನಮ್ಮ ಹುಳದ್ದೇ ಒಂದು ಹೇಳುತ್ತೇನೆ. ಫ್ರಾನ್ಸಿನಲ್ಲಿ ಗಂಟು ರೋಗ ಬಂದು ರೇಷ್ಮೆ ಬೆಳೆಗಾರರೆಲ್ಲ ಮುಳುಗಿದ್ದರು. 1865ರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ಅವರನ್ನು ಆಲೆಸ್ ಎಂಬ ಊರಿಗೆ ಕಳಿಸಿದರು. ಅಲ್ಲಿಯ ತನಕ ಅವರು ರೇಷ್ಮೆ ಹುಳದ ಕೆಲಸ ಮಾಡಿದವರೇ ಅಲ್ಲ. ಅದೇ ವರ್ಷ ಅವರ ತಂದೆ ಹೋದರು, ಎರಡು ವರ್ಷದ ಮಗಳು ಹೋದಳು. ಮುಂದಿನ ವರ್ಷ 12 ವರ್ಷದ ಇನ್ನೊಬ್ಬಳು. 1868ರಲ್ಲಿ ಅವರಿಗೇ ಲಕ್ವ ಹೊಡೆದು ಎಡಭಾಗ ಬಿದ್ದಿತು. ಆದರೂ ಮತ್ತೆ ಹುಳದ ಹತ್ತಿರ ಹೋಗಿ ಕೂತರು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆ ಸುಡುವ ಪದ್ಧತಿ ಅವರು ತಂದದ್ದು. ಇವತ್ತಿಗೂ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಮಾಡುತ್ತಾರೆ. ನೀವು ನಾನು ಇಷ್ಟಾದರೂ ಬೆಳೆ ತೆಗೆಯುತ್ತಿದ್ದೇವೆ ಎಂದರೆ ಆ ಮನುಷ್ಯ ಎದ್ದು ಕೂತದ್ದಕ್ಕೆ.

ಕೊನೆಗೆ ಒಂದು. ಜ್ವರಕ್ಕೆ ಕೂತ ಹುಳಕ್ಕೆ ನಾವು ಸೊಪ್ಪು ಹಾಕುತ್ತೇವಾ? ಇಲ್ಲ. ಅದು ತಲೆ ಎತ್ತಿ, ಅಲ್ಲಾಡದೆ, ಏನೂ ತಿನ್ನದೆ ಕೂತಿರುತ್ತದೆ. ಸುಣ್ಣ ಉದುರಿಸಿ, ಗಾಳಿ ಆಡಲು ಬಿಟ್ಟು, ನಾವೂ ಸುಮ್ಮನಿರುತ್ತೇವೆ. ಹೊರಗಿನವರು ನೋಡಿದರೆ ಸತ್ತಿದೆ ಎನ್ನುತ್ತಾರೆ. ಒಳಗೆ ಹಳೆ ಚರ್ಮ ಬಿಡುತ್ತಿರುತ್ತದೆ. ನೀವು ಈಗ ಜ್ವರಕ್ಕೆ ಕೂತಿದ್ದೀರಿ ಅಣ್ಣ. ಯಾರೂ ಅವಸರ ಮಾಡಬಾರದು, ನೀವೂ ಮಾಡಬೇಡಿ.

ಹುಳ ಮನೆಯವನು, ಶಿಡ್ಲಘಟ್ಟ ತಾಲ್ಲೂಕು (ಸೋಮವಾರ, ಸಂಜೆ 6:45)

ಚಿಂತಾಮಣಿ ಅಣ್ಣ, ನಿಜ ಹೇಳಿಬಿಡುತ್ತೇನೆ. ಮೊದಲ ಬೆಳೆ ಹೋದ ಐದನೇ ದಿನಕ್ಕೇ ಚಾಕಿ ತಂದೆ. ಬ್ಲೀಚಿಂಗ್ ಹೊಡೆದದ್ದು ನೆಲಕ್ಕೆ ಮಾತ್ರ. ಬಲೆಗಳನ್ನು ಬಿಸಿಲಿಗೆ ಹಾಕಿ ಒಳಗೆ ತಂದೆ, ಅಷ್ಟೇ. ಉಪವಾಸ ಮಾಡಿದ್ದೇವಲ್ಲ, ಈ ಸಲ ದೇವರು ಕಾಯುತ್ತಾನೆ ಎಂದುಕೊಂಡೆ. ನಂಬಿಕೆಯ ಹೆಸರಲ್ಲಿ ಅವಸರ ಮಾಡಿದೆ.

ಇದನ್ನು ಬರೆಯುವಾಗ ನಾಚಿಕೆ ಆಗುತ್ತಿದೆ. ಆದರೆ "ನಿನ್ನಲ್ಲಿ ಕೊರತೆ ಇದೆ" ಎಂದು ಹಿರಿಯರು ಹೇಳಿದಾಗ ಆದ ಹಾಗೆ ಆಗುತ್ತಿಲ್ಲ. ಆವಾಗ ಎಲ್ಲಿ ತಪ್ಪಿದೆ ಎಂದು ಗೊತ್ತಾಗದೆ ಕತ್ತಲಲ್ಲಿ ತಡಕಾಡುತ್ತಿದ್ದೆ. ಈಗ ಗೋಡೆ ಗೊತ್ತಿದೆ, ಬಲೆ ಗೊತ್ತಿದೆ, ತೊಳೆಯಬಹುದು.

ಭಾನುವಾರ ಶಾಲೆ ಟೀಚರ್, ತುಮಕೂರು (ಸೋಮವಾರ, ರಾತ್ರಿ 8:20)

ಚಿಂತಾಮಣಿಯವರಿಗೆ ಕೈ ಮುಗಿಯುತ್ತೇನೆ. ದೇವರು ಎಲೀಯನ ಹತ್ತಿರ ದೂತನನ್ನು ಕಳಿಸಿದ. ನಮ್ಮ ಅಣ್ಣನ ಹತ್ತಿರ ನಿಮ್ಮನ್ನು ಕಳಿಸಿದ್ದಾನೆ ಎಂದು ನಾನು ನಂಬುತ್ತೇನೆ. ಅಣ್ಣ, ಬ್ಲೀಚಿಂಗ್ ಹೊಡೆಯುವಾಗಲೂ ಪ್ರಾರ್ಥನೆ ಮಾಡಿ. ಎರಡೂ ಒಂದೇ ಕೆಲಸ.

ಮಾರಿಕುಪ್ಪಂ ಮಗಳು (ಮಂಗಳವಾರ, ರಾತ್ರಿ 9:35)

ಎರಡು ದಿನದಿಂದ ಓದುತ್ತಿದ್ದೇನೆ. ನಮ್ಮಪ್ಪನ ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಅಮ್ಮನನ್ನು ಕೇಳಿ ಬರೆಯುತ್ತಿದ್ದೇನೆ.

ನಾವು ಕೆಜಿಎಫ್‌ನವರು. ಅಪ್ಪ ಚಿನ್ನದ ಗಣಿಯಲ್ಲಿ ಒಳಗೆ ಇಳಿಯುತ್ತಿದ್ದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಬಂಡೆ ಕೈಗೆ ಸುಡುತ್ತದೆ ಎನ್ನುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ನೂರಿಪ್ಪತ್ತು ವರ್ಷ ನಡೆದ ಕೆಲಸ ಒಂದು ದಿನದಲ್ಲಿ ನಿಂತಿತು. ಅಪ್ಪನಿಗೆ ಆಗ 44. ಬೇರೆ ಕೆಲಸ ಗೊತ್ತಿಲ್ಲ.

ನೀವು ಹೇಳಬಹುದು, ಅದು ಅವರ ತಪ್ಪಲ್ಲವಲ್ಲ ಎಂದು. ಅಪ್ಪನಿಗೆ ಹಾಗೆ ಅನ್ನಿಸಲಿಲ್ಲ. ಬಂದ ದುಡ್ಡಿನಲ್ಲಿ ಒಂದು ಅಂಗಡಿ ಇಟ್ಟರು. ಊರಲ್ಲಿ ಯಾರ ಕೈಲೂ ದುಡ್ಡಿಲ್ಲದಾಗ ಅಂಗಡಿ ಹೇಗೆ ನಡೆಯುತ್ತದೆ? ಒಂದು ವರ್ಷಕ್ಕೆ ಮುಚ್ಚಿತು. ಅಪ್ಪ ಚರ್ಚಿನಲ್ಲಿ ಹಾಡು ಎತ್ತುತ್ತಿದ್ದವರು. ಅವರ ಗಂಟಲು ನಮ್ಮ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ಕೊನೆಯ ಮನೆಗೂ ಕೇಳುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಹಾಡು ನಿಂತಿತು. ಚರ್ಚಿಗೆ ಬರುತ್ತಿದ್ದರು, ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತು, ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರು.

ಆಗ ಚರ್ಚಿನವರು ಮಾಡಿದ್ದು ಇಷ್ಟೇ. ಯಾರೂ ಅವರಿಗೆ ಬುದ್ಧಿ ಹೇಳಲಿಲ್ಲ. ಅಪ್ಪನ ಜೊತೆ ಗಣಿಗೆ ಇಳಿಯುತ್ತಿದ್ದ ಇಬ್ಬರು ಪ್ರತಿ ಭಾನುವಾರ ತಮ್ಮ ಬೆಂಚು ಬಿಟ್ಟು ಹಿಂದೆ ಬಂದು ಅಪ್ಪನ ಎರಡು ಪಕ್ಕ ಕೂರುತ್ತಿದ್ದರು. ಅಪ್ಪ ಎದ್ದರೆ ಅವರೂ ಎದ್ದು ಜೊತೆಗೆ ನಡೆದು ಬರುತ್ತಿದ್ದರು. ಮನೆ ತನಕ. ಹೀಗೆ ಹತ್ತು ತಿಂಗಳು. ಅವರಿಗೂ ಕೆಲಸ ಇರಲಿಲ್ಲ.

ಆಮೇಲೆ ಅವರಲ್ಲಿ ಒಬ್ಬರಿಗೆ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಅಪ್ಪನನ್ನೂ ಕರೆದುಕೊಂಡು ಹೋದರು. ಬೆಳಗಿನ ಜಾವ ಎದ್ದು ಮಾರಿಕುಪ್ಪಂನಿಂದ ರೈಲು ಹಿಡಿಯಬೇಕು, ರಾತ್ರಿ ವಾಪಸ್ಸು. ಅಮ್ಮ ಮೂರು ಗಂಟೆಗೆ ಎದ್ದು ಬುತ್ತಿ ಕಟ್ಟುತ್ತಿದ್ದರು. ಭೂಮಿಯ ಒಳಗೆ ಹೋಗಿ ಚಿನ್ನ ತೆಗೆದವರು ಯಾರದೋ ಗೇಟಿನಲ್ಲಿ ಸ್ಟೂಲ್ ಮೇಲೆ ಕೂರಬೇಕು. ಮೊದಲ ತಿಂಗಳು ಅಪ್ಪ ಯೂನಿಫಾರಂ ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಹೋಗುತ್ತಿದ್ದರು, ಊರಿನವರು ನೋಡಬಾರದು ಎಂದು. ಒಂದು ದಿನ ಹಾಕಿಕೊಂಡೇ ಹೊರಟರು. ಅಮ್ಮ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹದಿನಾಲ್ಕು ವರ್ಷ ಆ ಕೆಲಸ ಮಾಡಿ ನಮ್ಮಿಬ್ಬರನ್ನು ಓದಿಸಿದರು. ಹಾಡು ಮತ್ತೆ ಎತ್ತಿದ್ದು ನನ್ನ ತಮ್ಮನ ಮದುವೆಯ ಪ್ರಾರ್ಥನೆಯಲ್ಲಿ. ಗಂಟಲು ಹೋಗಿತ್ತು. ಆದರೂ ಹಾಡಿದರು.

ಅಣ್ಣ, ನಿಮ್ಮ ಸಭೆಯಲ್ಲಿ ಆ ಹಿರಿಯರೊಬ್ಬರೇ ಇಲ್ಲ. ನಿಮ್ಮ ಬೆಂಚಿಗೆ ಬಂದು ಕೂರುವವರು ಇಬ್ಬರಾದರೂ ಇರುತ್ತಾರೆ. ಆದರೆ ನೀವು ಆ ಬೆಂಚಿನಲ್ಲಿ ಇದ್ದರೆ ತಾನೇ ಅವರು ಬಂದು ಕೂರುವುದು?

ಚಿಕ್ಕಬಳ್ಳಾಪುರ ಕಥೋಲಿಕ (ಬುಧವಾರ, ಬೆಳಿಗ್ಗೆ 6:50)

ಚಿಕ್ಕದಾಗಿ ಬರೆಯುತ್ತೇನೆ. ನಮ್ಮಲ್ಲಿ ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ಶಿಲುಬೆ ಹಾದಿ ಮಾಡುತ್ತೇವೆ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ. ಹದಿನಾಲ್ಕು ಸ್ಥಳ. ಅದರಲ್ಲಿ ಮೂರನೆಯದು, ಏಳನೆಯದು, ಒಂಬತ್ತನೆಯದು ಯೇಸು ಬೀಳುವುದು. ಮೊದಲ ಸಲ, ಎರಡನೇ ಸಲ, ಮೂರನೇ ಸಲ. ಅಜ್ಜಿ ಜೊತೆ ಹೋಗುವಾಗ ಸಣ್ಣವನಿದ್ದ ನಾನು ಕೇಳುತ್ತಿದ್ದೆ, ದೇವರು ಯಾಕಜ್ಜಿ ಮೂರು ಸಲ ಬೀಳುತ್ತಾನೆ ಎಂದು. "ನಾವು ಬಿದ್ದಾಗ ನೆಲದಲ್ಲಿ ಜೊತೆಗಿರೋದಕ್ಕೆ ಕಣೋ" ಎನ್ನುತ್ತಿದ್ದಳು. ಎರಡನೇ ಬೀಳುವಿಕೆಗೆ ಮೊದಲು ಸಿಮೋನ ಎಂಬವನು ಬಂದು ಶಿಲುಬೆಗೆ ಹೆಗಲು ಕೊಟ್ಟಿರುತ್ತಾನೆ, ವೆರೋನಿಕಾ ಮುಖ ಒರೆಸಿರುತ್ತಾಳೆ. ಆದರೂ ಮತ್ತೆ ಬೀಳುತ್ತಾನೆ. ಸಹಾಯ ಸಿಕ್ಕ ಮೇಲೂ ಬೀಳಬಹುದು ಅಣ್ಣ. ನಿಮ್ಮ ಉಪವಾಸ ಸುಳ್ಳಾಗಲಿಲ್ಲ.

ವಿಶ್ವಾಸವೇ ಬಲ (ಬುಧವಾರ, ರಾತ್ರಿ 10:15)

ನನ್ನ ಮೊದಲ ಮಾತಿಗೆ ಕ್ಷಮೆ ಕೇಳಲು ಬಂದೆ. ಟೀಚರ್ ಬರೆದದ್ದು ಓದಿ ಮೊದಲು ಕೋಪ ಬಂತು. ಆ ಮಗಳು ತಂದೆಯ ವಿಷಯ ಬರೆದದ್ದು ಓದಿದ ಮೇಲೆ ಕೋಪ ಉಳಿಯಲಿಲ್ಲ.

ನನ್ನ ಮೊಬೈಲ್ ಅಂಗಡಿ ಮೂರು ವರ್ಷದ ಹಿಂದೆ ಮುಳುಗಿತು. ನನಗೂ ಯಾರೋ ಹೇಳಿದರು, ಕಾಣಿಕೆ ಕೊಡು ಎಂದು. ಸಾಲ ಮಾಡಿ ಕೊಟ್ಟೆ. ಅಂಗಡಿ ಉಳಿಯಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ನನ್ನ ನಂಬಿಕೆ ಸಾಲಲಿಲ್ಲ ಎಂದೇ ಇಷ್ಟು ದಿನ ಅಂದುಕೊಂಡು, ಬೇರೆಯವರಿಗೂ ಅದನ್ನೇ ಹೇಳುತ್ತಾ ಬಂದೆ. ಹಾಗೆ ಹೇಳಿದರೆ ಅದು ನಿಜ ಆಗುತ್ತದೆ ಎಂಬ ಹಾಗೆ. ಬ್ರದರ್, ನಿಮಗೆ ನೋವು ಮಾಡಿದೆ.

ಹುಳ ಮನೆಯವನು, ಶಿಡ್ಲಘಟ್ಟ ತಾಲ್ಲೂಕು (ಬುಧವಾರ, ರಾತ್ರಿ 10:40)

ಬ್ರದರ್, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ನಿಮ್ಮ ಊರು ಯಾವುದು? ಹತ್ತಿರ ಇದ್ದರೆ ಒಂದು ದಿನ ಮನೆಗೆ ಬನ್ನಿ, ಜೊತೆಗೆ ಊಟ ಮಾಡೋಣ.

ಹುಳ ಮನೆಯವನು, ಶಿಡ್ಲಘಟ್ಟ ತಾಲ್ಲೂಕು (ಏಳು ವಾರದ ನಂತರ, ಶುಕ್ರವಾರ, ರಾತ್ರಿ 9:10)

ಎಲ್ಲರಿಗೂ ವಂದನೆಗಳು. ಹೇಳುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲ, ಆದರೆ ಹೇಳದೆ ಇರುವುದು ಸರಿಯಲ್ಲ.

ಸೇವಾ ಕೇಂದ್ರದವರು ಬಂದು ನೋಡಿದರು. ಚಿಂತಾಮಣಿ ಅಣ್ಣ ಹೇಳಿದ್ದನ್ನೇ ಹೇಳಿದರು, ಗಾಳಿ ಆಡಲು ಕಿಟಕಿ ಎತ್ತರದಲ್ಲಿ ಇನ್ನೆರಡು ಬೇಕು ಎಂದರು. ಮಗನೂ ನಾನೂ ಸೇರಿ ಗೋಡೆ ಒಡೆದೆವು. ಎರಡು ಸಲ ಬ್ಲೀಚಿಂಗ್ ಹೊಡೆದು, ಮನೆ ಮುಚ್ಚಿಟ್ಟು, ಸುಣ್ಣ ಬಳಿದೆವು. ಬಲೆ ಹೊಸದು ತಂದೆ. ಕೈಸಾಲದವರ ಹತ್ತಿರ ಹೆಂಡತಿಯೇ ಹೋಗಿ ಮಾತಾಡಿದಳು, ತಿಂಗಳಿಗೆ ಇಷ್ಟು ಎಂದು ಒಪ್ಪಿದರು. ಮಧ್ಯದಲ್ಲಿ ಮೂರು ವಾರ ಪಕ್ಕದ ಊರಿನ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದೆ. ಮೊದಲ ದಿನ ತಲೆ ತಗ್ಗಿಸಿಕೊಂಡು ಹೋದೆ. ಮಾರಿಕುಪ್ಪಂ ಮಗಳ ಅಪ್ಪ ಬ್ಯಾಗಿನಲ್ಲಿ ಯೂನಿಫಾರಂ ಇಟ್ಟುಕೊಂಡು ಹೋದದ್ದು ನೆನಪಾಯಿತು.

ಸಭೆಗೆ ಹೋಗುತ್ತಿದ್ದೇನೆ. ಹಿಂದಿನ ಬೆಂಚು. ಎರಡನೇ ಭಾನುವಾರ ಒಬ್ಬರು ಬಂದು ಪಕ್ಕದಲ್ಲಿ ಕೂತರು. ಅವರು ಆ ಹಿರಿಯರೇ. ಏನೂ ಮಾತಾಡಲಿಲ್ಲ. ಮುಗಿದ ಮೇಲೆ ಹೊರಗೆ ಬಂದು, "ಮುಂದಿನ ಬೆಳೆ ಇಡುವಾಗ ಹೇಳು, ಸೊಪ್ಪು ಕೊಯ್ಯಲು ನನ್ನ ಮಗನನ್ನು ಕಳಿಸುತ್ತೇನೆ" ಎಂದರು.

50 ಮೊಟ್ಟೆ, ಮಿಶ್ರತಳಿ. ನಾಲ್ಕನೇ ಜ್ವರ ನಿನ್ನೆ ಎದ್ದಿದೆ. ಎರಡು ಸಲವೂ ಬೆಳೆ ಹೋದದ್ದು ಇದಾದ ಮೂರು ನಾಲ್ಕು ದಿನದಲ್ಲೇ. ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ಅಂಚು ನೋಡುತ್ತೇನೆ. ಭಯ ಹೋಗಿಲ್ಲ. ಆದರೆ ಮಲಗುತ್ತಿದ್ದೇನೆ, ಊಟ ಮಾಡುತ್ತಿದ್ದೇನೆ.

ಈಗ ಸೊಪ್ಪು ಹಾಕುವ ಹೊತ್ತು. ಬರುತ್ತೇನೆ.

ನೈಟ್ ಡ್ಯೂಟಿ ಸಿಸ್ಟರ್, ಕೋಲಾರ (ಶುಕ್ರವಾರ, ರಾತ್ರಿ 11:30)

ಅಣ್ಣ, ಇವತ್ತೂ ಡ್ಯೂಟಿಯಲ್ಲೇ ಇದ್ದೇನೆ. ನೀವು ಟಾರ್ಚ್ ಹಾಕಿಕೊಂಡು ಎದ್ದಾಗ ಇಲ್ಲಿ ನಾನೂ ಎದ್ದಿರುತ್ತೇನೆ.

ಚಿಂತಾಮಣಿ ರೇಷ್ಮೆ (ಶನಿವಾರ, ಬೆಳಿಗ್ಗೆ 5:20)

ಅಂಚಿನಲ್ಲಿ ಒಂದೆರಡು ಹುಳ ಕಂಡರೆ ಗಾಬರಿ ಬೀಳಬೇಡಿ. ಚಿಮಟದಲ್ಲಿ ತೆಗೆದು ಬ್ಲೀಚಿಂಗ್ ನೀರಿಗೆ ಹಾಕಿ. ಕೈ ತೊಳೆದೇ ಮುಂದಿನ ರ್‍ಯಾಕ್ ಮುಟ್ಟಿ. ನಿಮ್ಮ ಚಂದ್ರಿಕೆ ಸಾಲದಿದ್ದರೆ ನನ್ನ ಹತ್ತಿರ 20 ಇವೆ, ತೊಳೆದು ಒಣಗಿಸಿದ್ದೇನೆ. ಸೋಮವಾರ ಗೂಡು ಮಾರುಕಟ್ಟೆಗೆ ಶಿಡ್ಲಘಟ್ಟಕ್ಕೆ ಬರುತ್ತಿದ್ದೇನೆ, ಆಟೋದಲ್ಲಿ ಹಾಕಿಕೊಂಡು ಬರಲಾ?